ಸಾಕಪ್ಪ ಬೆಟ್ಟ ಹತ್ತಿದ್ದು

ಮಾರ್ಚ್ 3, ಸೋಮವಾರ

ಈ ನೋಟ್‌ಬುಕ್ಕನ್ನು ವಿಮಾನ ನಿಲ್ದಾಣದಲ್ಲಿ ತಮ್ಮನ ಹೆಂಡತಿ ಕೈಗಿಟ್ಟಳು. "ಭಾವ, ಅಲ್ಲಿ ನಿಮ್ಮ ಮಾತು ಕೇಳೋರು ಯಾರೂ ಇರಲ್ಲ. ಇದಕ್ಕಾದ್ರೂ ಹೇಳ್ಕೊಳ್ಳಿ" ಎಂದಳು. ಮನೆಯಲ್ಲಿ ಯಾರು ಕೇಳುತ್ತಿದ್ದರಮ್ಮ ಎಂದು ಕೇಳೋಣವೆನ್ನುವಷ್ಟರಲ್ಲಿ ಗಾಜಿನ ಬಾಗಿಲು ಮುಚ್ಚಿಕೊಂಡಿತು. ಬಂದು ಮೂರು ವಾರವಾಯಿತು. ಇವತ್ತು ಮೊದಲ ಪುಟಕ್ಕೆ ಮುಹೂರ್ತ.

ಮೊದಲಿಗೆ ಲೇಖಕರ ಪರಿಚಯ. ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಕೃತಕ ಕಾಲು ಮಾಡಿದವರು. ನಿವೃತ್ತಿಯ ದಿನ ಹಾರ ಹಾಕಿದ ವೈದ್ಯಾಧಿಕಾರಿಗಳು "ಸಾವಿರಾರು ಜನರನ್ನು ತಮ್ಮ ಕಾಲ ಮೇಲೆ ನಿಲ್ಲಿಸಿದ ಮಹನೀಯರು" ಎಂದು ಹೊಗಳಿದರು. ಸಾವಿರಾರು ಜನ ನಿಂತದ್ದು ನಿಜ. ತಮ್ಮ ಮಾತ್ರ ನಿಲ್ಲಲಿಲ್ಲ. ಆ ವಿಷಯ ಇಲ್ಲಿ ಬರೆಯುವುದಿಲ್ಲ. ಅದನ್ನು ಯೋಚಿಸಬಾರದೆಂದೇ ಈ ವಯಸ್ಸಿನಲ್ಲಿ ಸ್ವಯಂಸೇವಕನಾಗಿ ಸಮುದ್ರ ದಾಟಿದ್ದು.

ಇಲ್ಲಿನ ಕಾರ್ಯಾಗಾರ ಹಿಂದೆ ಬಸ್ಸುಗಳ ಗ್ಯಾರೇಜಾಗಿತ್ತಂತೆ. ನೆಲದಲ್ಲಿ ಈಗಲೂ ಎಣ್ಣೆಯ ಕಲೆ. ಬಸ್ಸಿನ ಹೊಟ್ಟೆ ನೋಡಲು ತೋಡಿದ್ದ ಗುಂಡಿಯ ಮೇಲೆ ಹಲಗೆ ಹಾಸಿ, ಎರಡೂ ಬದಿಗೆ ಕಬ್ಬಿಣದ ಕೊಳವೆ ನಿಲ್ಲಿಸಿದ್ದಾರೆ. ಹೊಸ ಕಾಲು ಹಾಕಿಕೊಂಡವರು ಅದನ್ನು ಹಿಡಿದು ಮೊದಲ ಹೆಜ್ಜೆ ಇಡುತ್ತಾರೆ. ಕಿಟಕಿಯ ತುಂಬ ಒಂದು ಬೆಟ್ಟ. ಅದರ ನೆತ್ತಿಯಲ್ಲಿ ಹದಿನೇಳು ಮನೆಗಳಿವೆ, ಎಣಿಸಿದ್ದೇನೆ. ಪ್ಲಾಸ್ಟರ್ ಒಣಗುವ ತನಕ ಮನುಷ್ಯನಿಗೆ ಬೇರೇನು ಕೆಲಸ.

ನನಗೆ ಇಲ್ಲಿನ ಭಾಷೆ ಬಾರದು. ಅದಕ್ಕೆಂದು ಒಬ್ಬ ದುಭಾಷಿಯನ್ನು ಕೊಟ್ಟಿದ್ದಾರೆ. ಐವತ್ತರ ಆಸುಪಾಸಿನ ಈ ಮನುಷ್ಯ ಯೌವನದಲ್ಲಿ ನಮ್ಮ ಕಡೆಯ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದವನು. ಓದಿದ್ದನ್ನೆಲ್ಲ ಮರೆತು ಹಾಸ್ಟೆಲಿನ ಕನ್ನಡವೊಂದನ್ನು ಉಳಿಸಿಕೊಂಡಿದ್ದಾನೆ. ಹತ್ತು ನಿಮಿಷದ ಮಾತನ್ನು ಎರಡು ಪದಕ್ಕೆ ಇಳಿಸುವ ವಿದ್ಯೆ ಅವನಿಗೆ ಸಿದ್ಧಿಸಿದೆ. ಮೊನ್ನೆ ಒಬ್ಬ ಮುದುಕ ಅತ್ತು, ನಕ್ಕು, ಎದೆ ಬಡಿದುಕೊಂಡು ಇಡೀ ಒಂದು ಪುರಾಣ ಹೇಳಿದ. "ಏನಂತೆ?" ಎಂದೆ. "ಕಾಲು ಹೋಯ್ತಂತೆ ಸಾರ್." ಅದು ನನಗೂ ಕಾಣುತ್ತಿತ್ತು. ಅವನಿಗೆ ಮೊಟಕಪ್ಪ ಎಂದು ಹೆಸರಿಟ್ಟಿದ್ದೇನೆ. ಅವನು ನನಗಿಟ್ಟ ಹೆಸರು ಸಾಕಪ್ಪ.

ತಪ್ಪು ನನ್ನದೇ. ಮೋಟುಕಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಮಂಡಿಚಿಪ್ಪಿನ ಕೆಳಗೆ ಹೆಬ್ಬೆರಳು ಒತ್ತುವಾಗ "ಸಾಕಾ?" ಎನ್ನುತ್ತೇನೆ. ಅರ ಹಾಕಿ ಮುಗಿದಾಗ "ಸಾಕು" ಎನ್ನುತ್ತೇನೆ. ಯಾರಾದರೂ ಕೊಳವೆ ಹಿಡಿದು ನಾಲ್ಕು ಹೆಜ್ಜೆ ನಡೆದರೆ ಖುಷಿಗೆ ಬಾಯಿಂದ "ಸಾಕು, ಸಾಕು, ಇವತ್ತಿಗೆ ಸಾಕು" ಎಂದು ಉದುರುತ್ತದೆ. ಮುಖದಲ್ಲಿ ನಗು, ಬಾಯಲ್ಲಿ ಸಾಕು. ನೋಡಿದವರು ಇದು ಶಭಾಷ್ ಎನ್ನುವುದಕ್ಕೆ ಇವರ ಮಾತಿರಬೇಕು ಎಂದುಕೊಂಡರು. ಈಗ ಕಾರ್ಯಾಗಾರಕ್ಕೆ ಕಾರ್ಯಾಗಾರವೇ ಒಳ್ಳೆಯದಕ್ಕೆಲ್ಲ ಸಾಕು ಎನ್ನುತ್ತಿದೆ. ಚಹಾ ಚೆನ್ನಾಗಿದೆಯೇ? ಸಾಕು. ಬಿಸಿಲು ಬಂತೇ? ಸಾಕು. ಅಡುಗೆಯವಳು ಬಡಿಸುವಾಗ ನಾನು ನಿಜವಾಗಿಯೇ ಸಾಕು ಎಂದರೆ, ನಾಚಿಕೊಂಡು ಇನ್ನೊಂದು ಸೌಟು ಹಾಕುತ್ತಾಳೆ. ಮೂರು ವಾರಕ್ಕೆ ಬೆಲ್ಟಿನ ಒಂದು ತೂತು ಮುಂದೆ ಹೋಗಿದ್ದೇನೆ.

ಮೊಟಕಪ್ಪ ಕೇಳಿದ. "ಸಾರ್, ನಿಜವಾದ ಅರ್ಥ ಹೇಳಿಬಿಡ್ಲಾ ಎಲ್ರಿಗೂ?"

"ಬಿಡಪ್ಪ. ನಮ್ಮಲ್ಲಿದ್ದಷ್ಟು ದಿನ ಆ ಪದಕ್ಕೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ" ಎಂದೆ.

ಮಾರ್ಚ್ 5, ಬುಧವಾರ

ಇವತ್ತು ಒಬ್ಬ ಹೆಂಗಸು ಬಂದಳು. ನಲವತ್ತು ದಾಟಿದ ವಯಸ್ಸು, ಬಿಸಿಲಿಗೆ ಕಾದ ಮುಖ. ಎಡಗಾಲು ಮಂಡಿಯ ಕೆಳಗೆ ಇಲ್ಲ. ಅಲ್ಲಿದ್ದ ಹಳೆಯ ಕೃತಕ ಕಾಲು ಉದ್ದಕ್ಕೆ ಸೀಳಿದೆ. ಸೀಳಿದ್ದಕ್ಕೆ ಪಾರ್ಸಲಿನ ಹುರಿ ಸುತ್ತಿ, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿದ್ದಳು. ಕೇಳಬೇಕಾಗಿಯೇ ಇರಲಿಲ್ಲ, ಅಂಚೆಯವಳು.

ಐದು ನಿಮಿಷ ಮಾತಾಡಿದಳು. ಮೊಟಕಪ್ಪ "ಕಾಲು ಬೇಕಂತೆ ಸಾರ್" ಎಂದ. ಪೂರ್ತಿ ಹೇಳದಿದ್ದರೆ ಇವತ್ತಿನ ಚಹಾ ಕಟ್ ಎಂದ ಮೇಲೆ ಪೂರ್ತಿ ಬಂತು. ಎರಡು ವರ್ಷದ ಹಿಂದೆ ಬೆಟ್ಟದ ಬುಡದಲ್ಲಿ ಅಂಚೆಯ ವ್ಯಾನು ಹಿಂದಕ್ಕೆ ಉರುಳಿ ಕಾಲು ಹೋಯಿತು. ಅಲ್ಲಿಂದೀಚೆಗೆ ಕೆಳಗಿನ ಬೀದಿಗಳಿಗೆ ಇವಳು, ಬೆಟ್ಟದ ಮೇಲಿನ ಹದಿನೇಳು ಮನೆಗೆ ಒಬ್ಬ ಬದಲಿ ಆಳು. ಈಗ ಇಲಾಖೆಯ ಮೇಲಧಿಕಾರಿಗಳು ಇಬ್ಬರು ಯಾಕೆ, ಎರಡನ್ನೂ ಮಾಡುವ ಒಬ್ಬರು ಸಾಕು ಎಂದಿದ್ದಾರೆ. ಮಾರ್ಚ್ ಮುಗಿಯುವುದರೊಳಗೆ ಇವಳು ಚೀಲ ಹೊತ್ತು ಬೆಟ್ಟ ಹತ್ತಿ, ತುದಿಯ ಮನೆಯವರಿಂದ ಚೀಟಿಗೆ ರುಜು ಹಾಕಿಸಿಕೊಂಡು ಬಂದರೆ ಕೆಲಸ ಇವಳದು. ಇಲ್ಲದಿದ್ದರೆ ಆ ಬದಲಿ ಆಳಿನದು.

"ಎಷ್ಟು ಎತ್ತರ?" ಎಂದೆ.

"ಸ್ವಲ್ಪ" ಎಂದ ಮೊಟಕಪ್ಪ.

ಅಂಚೆಯವಳು ಅವನನ್ನು ತಡೆದು, ಬೆರಳಲ್ಲಿ ಲೆಕ್ಕ ಹಿಡಿದು ತಾನೇ ತೋರಿಸಿದಳು. ನೂರಾ ಹನ್ನೆರಡು ತಿರುವು.

ಕಾರ್ಯಾಗಾರ ನಡೆಸುವ ಮೇಡಂಗೆ ಒಂದು ವಾರ್ಷಿಕ ಚಟವಿದೆ. ಆ ವರ್ಷ ಹೊಸ ಕಾಲು ಪಡೆದವರನ್ನೂ ಸ್ವಯಂಸೇವಕರನ್ನೂ ಕಟ್ಟಿಕೊಂಡು ಈ ಬೆಟ್ಟ ಹತ್ತುವುದು. ಈ ಸಲದ್ದು ಇಪ್ಪತ್ತೊಂಬತ್ತಕ್ಕೆ. "ಎಲ್ಲರ ಜೊತೆ ಇವಳೂ ಹತ್ತಲಿ, ಒಂದೇ ಕಲ್ಲಿಗೆ ಎರಡು ಹಕ್ಕಿ" ಎಂದೆ. ಈ ಸಲಹೆ ಕೊಟ್ಟವನು ನಾನೇ. ಬರೆದಿಟ್ಟಿರುತ್ತೇನೆ, ಆಮೇಲೆ ಹೊಗಳುವವರಿಗೆ ಅನುಕೂಲವಾಗಲಿ.

ಮಾರ್ಚ್ 9, ಭಾನುವಾರ

ಭಾನುವಾರ ತಮ್ಮನಿಗೆ ಫೋನು. ಅವನು ದರ್ಜಿ. ಸಕ್ಕರೆ ಕಾಯಿಲೆಗೆ ಬಲಗಾಲು ತೆಗೆದು ಎರಡು ವರ್ಷ. ಆ ವಿಷಯ ಬರೆಯುವುದಿಲ್ಲ ಎಂದಿದ್ದೆ. ಆರು ದಿನ ತಡೆದದ್ದೇ ದೊಡ್ಡದು.

"ಕಾಲು ಹಾಕ್ಕೊಂಡ್ಯೇನೋ?" ಎಂದೆ.

"ಅದು ಕೆಲಸಕ್ಕೆ ಸೇರಿದೆ ಅಣ್ಣ."

"ಅಂದ್ರೆ?"

"ಹೊಸ ಪ್ಯಾಂಟಿಗೆ ಇಸ್ತ್ರಿ ಮಾಡಿ ಅದಕ್ಕೆ ಏರಿಸಿ ಅಂಗಡಿ ಮುಂದೆ ನಿಲ್ಲಿಸಿದ್ದೀನಿ. ಗಿರಾಕಿಗಳು ಕ್ರೀಸು ನೋಡಿ ಮೆಚ್ಕೋತಾರೆ. ನಿನ್ನ ಕೈಯಲ್ಲಿ ಗುಣ ಇದೆ ಬಿಡು."

ಅವನ ಹೆಂಡತಿ ಹಿಂದೆ ನಕ್ಕದ್ದು ಕೇಳಿಸಿತು. ನಾನು ನಗಲಿಲ್ಲ. ಆ ಕಾಲಿಗೆ ನಾಲ್ಕು ಸಲ ಅಚ್ಚು ತೆಗೆದಿದ್ದೆ. ಪ್ರತಿ ಸಲವೂ ಹತ್ತು ದಿನ ನಡೆದ, ಪ್ರತಿ ಸಲವೂ ಬಿಚ್ಚಿಟ್ಟ. ಐದನೆಯ ಸಲ ಪ್ಲಾಸ್ಟರ್ ನೆನೆಸಿಕೊಂಡು ಹೋದಾಗ ಬಾಗಿಲಲ್ಲೇ "ಸಾಕು ಅಣ್ಣ" ಎಂದ. "ಸಾಕು ಅನ್ನೋಕೆ ನೀನು ಯಾವನೋ? ನಾನು ಹೇಳ್ಬೇಕು ಸಾಕು ಅಂತ" ಎಂದೆ. ಬಕೆಟ್ಟಿನಲ್ಲಿ ಪ್ಲಾಸ್ಟರ್ ಗಟ್ಟಿಯಾಯಿತು. ಬಕೆಟ್ಟೂ ಹೋಯಿತು. ಮರುದಿನವೇ ಇಲ್ಲಿಗೆ ಅರ್ಜಿ ಹಾಕಿದೆ.

ಊರಿಗೆಲ್ಲ ಕಾಲು ಕೊಟ್ಟವನ ತಮ್ಮ ಊರುಗೋಲಿನಲ್ಲಿ ಓಡಾಡುತ್ತಾನೆ. ಇದನ್ನು ಯಾರಾದರೂ ಗಾದೆ ಮಾಡಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ, ಗಾದೆಗಳೆಲ್ಲ ಬೇರೆಯವರ ಮೇಲೆಯೇ ಇರುತ್ತವಲ್ಲ.

ಮಾರ್ಚ್ 13, ಗುರುವಾರ

ಅಂಚೆಯವಳ ಕಾಲು ಸಿದ್ಧ. ಈ ಕೈಯಿಂದ ಇಷ್ಟು ಚೆನ್ನಾದ ಸಾಕೆಟ್ ಬಂದು ಎಷ್ಟೋ ವರ್ಷವಾಗಿತ್ತು. ಸಾಕೆಟ್ ಎಂದರೆ ಮೋಟುಕಾಲು ಕೂರುವ ಬಟ್ಟಲು. ಅದು ಸರಿ ಕೂತರೆ ಕಾಲು, ಕೂರದಿದ್ದರೆ ಪ್ಯಾಂಟಿನ ಸ್ಟ್ಯಾಂಡು.

ನಮ್ಮ ಕಸುಬಿನಲ್ಲಿ ಒಂದೇ ಒಂದು ವೇದವಾಕ್ಯ. ನಡೆಸು, ಬಿಚ್ಚು, ಹತ್ತು ನಿಮಿಷ ಕಾಯಿ. ಚರ್ಮದ ಮೇಲಿನ ಕೆಂಪು ಹತ್ತು ನಿಮಿಷದಲ್ಲಿ ಮಾಯವಾದರೆ ಸೈ. ಆಗದಿದ್ದರೆ ಅಲ್ಲಿಗೆ ನಿಲ್ಲಿಸು. ಮೂವತ್ತನಾಲ್ಕು ವರ್ಷ ಈ ವಾಕ್ಯವನ್ನು ಕಲಿಯಲು ಬಂದವರಿಗೆಲ್ಲ ಕಿವಿ ಹಿಂಡಿ ಹೇಳಿದ್ದೇನೆ. ಅವಳ ಕೆಂಪು ಆರು ನಿಮಿಷದಲ್ಲಿ ಹೋಯಿತು.

ಇನ್ನೊಂದು ಉಪವಾಕ್ಯವೂ ಇದೆ. ನಡೆದಷ್ಟೂ ಮೋಟು ಬೆವರಿ ಕುಗ್ಗುತ್ತದೆ, ಬಟ್ಟಲಿನೊಳಗೆ ಕೆಳಗಿಳಿಯುತ್ತದೆ, ಮೂಳೆಯ ತುದಿ ತಳಕ್ಕೆ ಕುಟ್ಟುತ್ತದೆ. ಆಗ ನಿಲ್ಲಿಸಿ ಮೋಟಿಗೆ ಕಾಲುಚೀಲದಂಥ ಇನ್ನೊಂದು ಉಣ್ಣೆಯ ಚೀಲ ತೊಡಿಸಬೇಕು. ಐದು ಚೀಲ ಕೊಟ್ಟೆ. ಅಂಚೆಯವಳು ಅವನ್ನು ಮೂಗಿನ ಹತ್ತಿರ ಹಿಡಿದು ಏನೋ ಹೇಳಿದಳು.

"ಏನಂತೆ?"

"ವಿಳಾಸ ಇಲ್ಲ ಅಂತೆ ಸಾರ್, ಯಾರಿಗೆ ಮುಟ್ಟಿಸಬೇಕು ಅಂತ ಕೇಳ್ತಿದಾರೆ."

ಮೊಟಕಪ್ಪ ಒಂದು ಪೂರ್ತಿ ವಾಕ್ಯ ಅನುವಾದಿಸಿದ. ಈ ಹೆಂಗಸಿಗೆ ಏನೋ ಶಕ್ತಿಯಿದೆ.

ಮಾರ್ಚ್ 14, ಶುಕ್ರವಾರ

ಏನೂ ಆಗಲಿಲ್ಲ. ಹಲ್ಲುನೋವು.

ಮಾರ್ಚ್ 20, ಗುರುವಾರ

ಅಂಚೆಯವಳು ಮೆಟ್ಟಿಲು ಹತ್ತಿದಳು, ಇಳಿದಳು, ಇಟ್ಟಿಗೆ ತುಂಬಿದ ಚೀಲ ಹೊತ್ತು ಮತ್ತೆ ಹತ್ತಿದಳು. ಕಾರ್ಯಾಗಾರವಿಡೀ ಕೆಲಸ ಬಿಟ್ಟು "ಸಾಕು! ಸಾಕು!" ಎಂದು ಚಪ್ಪಾಳೆ ಹೊಡೆಯಿತು. ಅವಳು ರಾಣಿಯ ಹಾಗೆ ತಲೆಯಾಡಿಸಿದಳು.

ಆಮೇಲೆ ಕಿಟಕಿಯ ಹತ್ತಿರ ಅವಳೂ ಮೊಟಕಪ್ಪನೂ ಚಹಾ ಕುಡಿಯುತ್ತ ಬಹಳ ಹೊತ್ತು ಮಾತಾಡುತ್ತಿದ್ದರು. ಅವನು ತನ್ನ ಲೋಟದ ಮೇಲೆ ಅಂಗೈ ಅಡ್ಡ ಹಿಡಿದು ಏನೋ ತೋರಿಸಿದ. ಅವಳೂ ಹಾಗೆಯೇ ಹಿಡಿದಳು. ನನ್ನ ಕಡೆ ನೋಡಿ ಬಿದ್ದು ಬಿದ್ದು ನಕ್ಕಳು.

"ಏನಯ್ಯಾ ಅಷ್ಟು ನಗು?"

"ಏನಿಲ್ಲ ಸಾರ್. ಊಟದ ಮಾತು" ಎಂದ ಮೊಟಕಪ್ಪ.

ಮಾರ್ಚ್ 23, ಭಾನುವಾರ

ಫೋನು. "ಕಾಲು ಹಾಕ್ಕೊಂಡ್ಯಾ?" ಎಂದೆ. "ಪ್ಯಾಂಟು ಖರ್ಚಾಯ್ತು, ಈಗ ಬರಿಗಾಲಲ್ಲಿ ನಿಂತಿದೆ" ಎಂದ.

ಅಂಚೆಯವಳ ಕಥೆ ಹೇಳಿದೆ. "ಒಬ್ಬ ಹೆಂಗಸು ಕಣೋ, ಚೀಲ ಹೊತ್ತು ಬೆಟ್ಟ ಹತ್ತೋಕೆ ಹೊರಟಿದ್ದಾಳೆ. ನಿನಗೆ ಅಂಗಡಿಯ ಎರಡು ಮೆಟ್ಟಿಲು ಹತ್ತೋಕಾಗಲ್ಲ."

"ಅವಳಿಗೆ ಬೆಟ್ಟ ಹತ್ತಬೇಕು ಅಣ್ಣ. ನನಗೆ ಬಟ್ಟೆ ಹೊಲೀಬೇಕು. ಮಷೀನಿಗೆ ಮೋಟಾರ್ ಹಾಕಿಸಿದ್ದೀನಿ. ಹೊಲಿಗೆ ಇರೋದು ಕೈಯಲ್ಲಿ."

"ತುದೀಲಿ ಅವಳು ನಿಂತಿರೋ ಫೋಟೋ ಕಳಿಸ್ತೀನಿ. ನೋಡಿ ಸ್ವಲ್ಪ ನಾಚ್ಕೋ."

ಮಷೀನು ಒಂದು ಸಾಲು ಓಡಿದ ಸದ್ದು. "ಕಳಿಸು" ಎಂದ.

ಮಾರ್ಚ್ 28, ಶುಕ್ರವಾರ

ನಾಳೆ ದಂಡಯಾತ್ರೆ. ನನ್ನ ಚೀಲದೊಳಗಿನ ಸರಂಜಾಮು: ನೀರು, ಬಿಸ್ಕತ್ತು, ಅರ, ಸ್ಕ್ರೂ ಬಿಗಿಯುವ ಕೀಲಿ, ಉಣ್ಣೆಯ ಚೀಲ ಆರು, ಬ್ಯಾಂಡೇಜು, ಕೊಡೆ, ನೋವಿನ ಮುಲಾಮು (ಸ್ವಂತಕ್ಕೆ), ಕ್ಯಾಮೆರಾ. ಇಷ್ಟು ಸಾಮಾನು ಹೊತ್ತು ಹೊರಟ ಸೈನ್ಯ ಸೋತ ಉದಾಹರಣೆ ಇಲ್ಲ.

ಮಾರ್ಚ್ 29, ಶನಿವಾರ

ಹತ್ತಿದೆವು. ಮೈಯೆಲ್ಲ ಮುರಿದು ಹೋದರೂ ಬರೆದೇ ಮಲಗುವೆ.

ಬೆಳಗ್ಗೆ ಏಳಕ್ಕೆ ಬೆಟ್ಟದ ಬುಡದಲ್ಲಿ ಹದಿನೈದು ಜನ ಸೇರಿದೆವು. ಎಲ್ಲರಿಗಿಂತ ಮುಂದೆ ಮೇಡಂ, ಕೈಯಲ್ಲೊಂದು ಸೀಟಿ. ಬ್ರೆಡ್ ಮಾಡುವ ದಪ್ಪನೆಯ ಮನುಷ್ಯನಿಗೆ ಈಚೆಗೆ ಕೊಟ್ಟ ಕಾಲು. ಆತ ನಮಗೆಲ್ಲ ಬನ್ನು ತಂದಿದ್ದ. ಅಂಚೆಯವಳು ಇಲಾಖೆಯ ಅಂಗಿ ತೊಟ್ಟು, ನಿಜವಾದ ಕಾಗದಗಳಿದ್ದ ಚೀಲ ಹೊತ್ತು ಬಂದಿದ್ದಳು. ನನಗೆ ಅವಳ ಹಿಂದಿನ ಸ್ಥಾನ. ಕಣ್ಣು ಅವಳ ಹಿಮ್ಮಡಿಯ ಮೇಲಿಟ್ಟು ನಡೆದೆ. ಮದುವೆಯ ಮೆರವಣಿಗೆಯಲ್ಲಿ ಮಗಳ ಹಿಂದೆ ನಡೆದವರ ಗತ್ತು ಎಂಥದೆಂದು ನನಗೆ ಗೊತ್ತಿಲ್ಲ, ಹೀಗೇ ಇರಬೇಕು.

ಐವತ್ತನೆಯ ತಿರುವಿನಲ್ಲಿ ಒಂದು ಚಹಾದ ಗೂಡಂಗಡಿ. ಮೊಟಕಪ್ಪ ಅಲ್ಲಿ ಕಾಲು ಚಾಚಿ, "ನಂದು ಇಲ್ಲಿಗೆ ಮುಗೀತು ಸಾರ್, ಇಳಿಯುವಾಗ ಕರ್ಕೊಳ್ಳಿ" ಎಂದ. ಮಾತನ್ನು ಮೊಟಕು ಮಾಡುತ್ತಿದ್ದವನು ಬೆಟ್ಟವನ್ನೂ ಮಾಡಿದ. ಇಲ್ಲಿ ಅವಳ ಕಾಲು ಬಿಚ್ಚಿಸಿ ನೋಡಿದೆ. ಕೆಂಪು ಎಂಟು ನಿಮಿಷ. ಒಂದು ಉಣ್ಣೆಯ ಚೀಲ ಹೆಚ್ಚು ತೊಡಿಸಿದೆ.

ಅಲ್ಲಿಂದ ಮೇಲೆ ಭಾಷೆಯಿಲ್ಲದ ಪ್ರಯಾಣ. ಎಪ್ಪತ್ತರ ಹತ್ತಿರ "ಸಾಕಾ?" ಎಂದು ಕೇಳಿದೆ. ಅವಳು ನಿಂತಳು. ತಿರುಗಿ ನನ್ನ ಮುಖ ನೋಡಿ "ಸಾಕು" ಎಂದಳು. ಅಂಗೈ ಚಾಚಿ ನನ್ನ ಎದುರು ಅಡ್ಡ ಹಿಡಿದಳು, ದೇವರು ಪಟದಲ್ಲಿ ಅಭಯ ಕೊಡುವ ಹಾಗೆ. ನಾನೂ ಕೈಯೆತ್ತಿ ತೋರಿಸಿದೆ. ಹಿಂದಿದ್ದವರು "ಸಾಕು! ಸಾಕು!" ಎಂದು ಚಪ್ಪಾಳೆ ಹೊಡೆದರು. ಬ್ರೆಡ್ಡಿನವನು ಅದಕ್ಕೊಂದು ತಾಳ ಹಾಕಿದ. ಹೊರಟಳು.

ತೊಂಬತ್ತರಲ್ಲಿ ಮತ್ತೆ ನಿಂತಳು. ಮತ್ತೆ ಅಂಗೈ, ಮತ್ತೆ "ಸಾಕು". ಈ ಸಲ ನಗಲಿಲ್ಲ. ಏರು ಕಡಿದಾಗಿತ್ತು, ನನಗೂ ನಗಲು ಉಸಿರಿರಲಿಲ್ಲ. ಮನೆಗಳ ಮಾಡು ಕಾಣುತ್ತಿತ್ತು. ಬಿಚ್ಚಿ ನೋಡಿದರೆ ಹತ್ತು ನಿಮಿಷ, ತೊಡಿಸಲು ಇನ್ನು ಹತ್ತು. ಮೋಡ ಇಳಿದರೆ ಫೋಟೋ ಬರುವುದಿಲ್ಲ. ತುದಿಯಲ್ಲೇ ನೋಡಿದರಾಯಿತು ಎಂದು "ಸಾಕು, ಸಾಕು!" ಎಂದು ಬೆನ್ನು ತಟ್ಟಿದೆ. ಹದಿಮೂರು ಕಂಠಗಳು ಬೆಟ್ಟಕ್ಕೇ ಕೇಳುವ ಹಾಗೆ ಸಾಕು ಎಂದು ಕೂಗಿದವು. ಕನ್ನಡಕ್ಕೆ ಇಂಥ ಜಯಕಾರ ಎಂದೂ ಸಿಕ್ಕಿರಲಾರದು.

ಮೂರನೆಯ ಸಲ ನೂರಾ ನಾಲ್ಕರಲ್ಲಿ. ಆಮೇಲೆ ಅವಳು ನಿಲ್ಲಲೇ ಇಲ್ಲ.

ತುದಿಯ ಮನೆಯ ಮುದುಕಿ ಬಾಗಿಲು ತೆರೆದು, ಅಂಚೆಯವಳನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಇಬ್ಬರೂ ತಬ್ಬಿಕೊಂಡು ಅತ್ತರು. ಚೀಟಿಗೆ ರುಜು ಬಿತ್ತು. ಅಂಚೆಯವಳನ್ನು ಕಲ್ಲಿನ ಮೇಲೆ ನಿಲ್ಲಿಸಿ ಫೋಟೋ ತೆಗೆದೆ. ಕಾಲು ಬಿಚ್ಚು ಎಂದು ಸನ್ನೆ ಮಾಡಿದರೆ ತಲೆಯಾಡಿಸಿದಳು. ಎಲ್ಲರೂ ಇದ್ದರು, ಸಂಕೋಚವೇನೋ. ಇಳಿಯುವಾಗ ಬ್ರೆಡ್ಡಿನವನ ಹೆಗಲು ಹಿಡಿದು ನಿಧಾನ ಇಳಿದಳು. ಬುಡದಲ್ಲಿ ಅಂಚೆಯ ವ್ಯಾನು ಕಾದಿತ್ತು. ಹತ್ತಿ ಹೋದಳು. ಸೋಮವಾರ ಬಾ ಎಂದು ಮೊಟಕಪ್ಪನಿಂದ ಹೇಳಿಸಿದೆ.

ಫೋಟೋ ತಮ್ಮನಿಗೆ ಕಳಿಸಿದೆ. ಕೆಳಗೆ "ನೋಡು" ಎಂದು ಮಾತ್ರ ಬರೆದೆ.

ಮಾರ್ಚ್ 30, ಭಾನುವಾರ

ತಮ್ಮ ಫೋಟೋ ನೋಡಿದ್ದಾನಂತೆ. "ಅವಳ ಮುಖ ಯಾಕೆ ಹಾಗಿದೆ ಅಣ್ಣ?" ಎಂದ. ಹೊಟ್ಟೆಕಿಚ್ಚು.

ಮಾರ್ಚ್ 31, ಸೋಮವಾರ

ಅವಳು ಬರಲಿಲ್ಲ. ಮಧ್ಯಾಹ್ನ ನಾವೇ ಹೋದೆವು, ಮೇಡಂ, ಮೊಟಕಪ್ಪ, ನಾನು. ಒಂದೇ ಕೋಣೆ, ಗೋಡೆಗೆ ಬೀದಿಗಳ ನಕ್ಷೆ. ಮಂಚದ ಮೇಲೆ ಕೂತಿದ್ದಳು. ಕಾಲು ಇನ್ನೂ ಹಾಕಿಕೊಂಡೇ ಇತ್ತು. ಶನಿವಾರದಿಂದ ಬಿಚ್ಚಿರಲಿಲ್ಲ, ಬಿಚ್ಚಲಾಗುತ್ತಿರಲಿಲ್ಲ. ಉಣ್ಣೆಯ ಚೀಲ ಚರ್ಮಕ್ಕೆ ಅಂಟಿತ್ತು. ಬಿಸಿನೀರಿನಲ್ಲಿ ನೆನೆಸಿ ನೆನೆಸಿ ತೆಗೆದೆ. ಮೂಳೆಯ ತುದಿ ಕಂಡಿತು.

ಹತ್ತು ನಿಮಿಷ ಕಾಯಲಿಲ್ಲ. ಕಾಯುವಂಥದ್ದು ಏನೂ ಇರಲಿಲ್ಲ.

"ನೋವಾದಾಗ ಯಾಕೆ ಹೇಳಲಿಲ್ಲ ಕೇಳು" ಎಂದೆ. ನನ್ನ ದನಿ ಜೋರಾಗಿತ್ತು.

ಮೊಟಕಪ್ಪ ಕೇಳಿದ. ಅವಳು ಒಂದೇ ಮಾತು ಹೇಳಿದಳು. ಅದನ್ನು ಅನುವಾದಿಸಬೇಕಾಗಿರಲಿಲ್ಲ. "ಸಾಕು" ಎಂದಳು, ಅಂಗೈ ಅಡ್ಡ ಹಿಡಿದು. ಆಮೇಲೆ ಮೂರು ಬೆರಳು ತೋರಿಸಿದಳು.

ಮೊಟಕಪ್ಪ ನೆಲ ನೋಡುತ್ತಿದ್ದ. "ಅವತ್ತು ಕಿಟಕಿ ಹತ್ರ ಕೇಳಿದ್ರು ಸಾರ್, ಆ ಮಾತಿನ ನಿಜವಾದ ಅರ್ಥ ಏನು ಅಂತ. ಹೇಳಿದೆ. ಹಾಸ್ಟೆಲಲ್ಲಿ ಬಡಿಸುವಾಗ ತಟ್ಟೆ ಮೇಲೆ ಕೈ ಅಡ್ಡ ಹಿಡಿದು ಹೇಳ್ತೀವಿ, ಇನ್ನು ಬೇಡ ಅಂತ. ನೀವು ಏನು ಅಂತ ಕೇಳಿದ್ರಿ. ನಾನು ಊಟದ ಮಾತು ಅಂದೆ."

ಏಪ್ರಿಲ್ 1, ಮಂಗಳವಾರ

ಅವಳನ್ನು ಆಸ್ಪತ್ರೆಗೆ ಸೇರಿಸಿದರು. ಜ್ವರ.

ಏಪ್ರಿಲ್ 4, ಶುಕ್ರವಾರ

ಮೇಡಂ "ಕೂಗಿದ್ದು ನಾವೆಲ್ಲರೂ" ಎಂದರು. ಸಮಾಧಾನಕ್ಕೆ ಹೇಳಿದ್ದು. ಹದಿಮೂರು ಜನರಲ್ಲಿ ಹನ್ನೆರಡು ಮಂದಿಗೆ ಆ ಪದದ ಅರ್ಥ ಗೊತ್ತಿರಲಿಲ್ಲ. ಅದನ್ನು ತೊಟ್ಟಿಲಿನಿಂದ ಕೇಳುತ್ತ ಬಂದವನು ಒಬ್ಬನಿದ್ದ.

ಅರ್ಥವೂ ಬೇಕಿರಲಿಲ್ಲ. ಯಾವ ಪದವನ್ನೂ ಅರಿಯದ ಎಮ್ಮೆಗೂ ಒಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನ್ನ ತಮ್ಮ ಸಾವಿರಾರು ಮೈಲಿ ದೂರದಲ್ಲಿ ಒಂದು ಫೋಟೋ ನೋಡಿ ಕೇಳಿದ. ನಾನು ಎರಡು ಮಾರು ಹಿಂದೆ ನಡೆಯುತ್ತ ಹಿಮ್ಮಡಿ ನೋಡುತ್ತಿದ್ದೆ. ನಾನು ಮಾಡಿದ ಹಿಮ್ಮಡಿ ಅದು, ಬಹಳ ಚೆನ್ನಾಗಿ ಬೀಳುತ್ತಿತ್ತು.

ಏಪ್ರಿಲ್ 6, ಭಾನುವಾರ

ಫೋನು ಮಾಡಲಿಲ್ಲ.

ಏಪ್ರಿಲ್ 8, ಮಂಗಳವಾರ

ಅಂಚೆಯವಳನ್ನು ಕಾಣಲು ಇವತ್ತು ಆಸ್ಪತ್ರೆಗೆ ಆ ಬದಲಿ ಆಳು ಬಂದ. ಕಾಗದ ತಂದಿದ್ದ, ಮುಟ್ಟಿಸುವುದು ಅವನ ಕೆಲಸವಲ್ಲವೆ. ರುಜು ಸರಿಯಾಗಿದೆ, ಬೆಟ್ಟದ ಮತ್ತು ಬೀದಿಗಳ ಚೀಲ ಇನ್ನು ಮುಂದೆ ಇವಳದು ಎಂದು ಇಲಾಖೆಯ ಆದೇಶ. ಅವನ ಕೆಲಸ ಹೋದ ಆದೇಶವೂ ಅದೇ. ಅವಳು ಓದಿ, ಮಡಚಿ, ವಾಡಿಕೆಯ ಪ್ರಕಾರ ಅವನ ಪುಸ್ತಕದಲ್ಲಿ ಮುಟ್ಟಿದ್ದಕ್ಕೆ ರುಜು ಹಾಕಿದಳು. ಅವನು ಟೋಪಿ ತೆಗೆದು ಬಹಳ ಹೊತ್ತು ನಿಂತಿದ್ದ.

ಏಪ್ರಿಲ್ 11, ಶುಕ್ರವಾರ

ಕೀವು ಮಂಡಿಯ ಕೀಲಿಗೆ ಏರಿದೆಯಂತೆ. ಬೆಳಗ್ಗೆ ಅವಳ ಕಾಲನ್ನು ಮಂಡಿಯ ಮೇಲಿನವರೆಗೆ ತೆಗೆದರು.

ಮಂಡಿ ಇದ್ದರೆ ಬೆಟ್ಟ ಇದೆ. ಮಂಡಿ ಇಲ್ಲದಿದ್ದರೆ ಎಂಥ ಗಟ್ಟಿಗನಿಗೂ ನೂರಾ ಹನ್ನೆರಡು ತಿರುವು ದಿನಾ ಹತ್ತಿ ಇಳಿಯಲಾಗದು. ಇದು ವೈದ್ಯರು ಹೇಳಿದ್ದಲ್ಲ, ನಾನು ಹೇಳುತ್ತಿರುವುದು. ನನಗೆ ಗೊತ್ತು.

ಏಪ್ರಿಲ್ 13, ಭಾನುವಾರ

ಫೋನು ಮಾಡಲಿಲ್ಲ. ಅವನೇ ಮಾಡಿದ. ಎತ್ತಲಿಲ್ಲ.

ಏಪ್ರಿಲ್ 17, ಗುರುವಾರ

ಕಾರ್ಯಾಗಾರದಲ್ಲಿ ಈಗ ಯಾರೂ ಆ ಪದ ಆಡುವುದಿಲ್ಲ. ಯಾರು ಯಾರಿಗೆ ಹೇಳಿದರೋ ಕಾಣೆ. ಯಾರಾದರೂ ಕೊಳವೆ ಹಿಡಿದು ಮೊದಲ ಹೆಜ್ಜೆ ಇಟ್ಟರೆ ಎಲ್ಲರೂ ಹೆಬ್ಬೆರಳು ಎತ್ತುತ್ತಾರೆ, ಮೂಕರ ಶಾಲೆಯ ಹಾಗೆ. ಊಟದಲ್ಲಿ ಅಡುಗೆಯವಳು ಒಂದು ಸೌಟು ಬಡಿಸಿ, ನನ್ನ ಮುಖ ನೋಡಿ, ನಿಲ್ಲುತ್ತಾಳೆ. ಒಂದೇ ಸೌಟು. ಬೆಲ್ಟು ಹಳೆಯ ತೂತಿಗೆ ಬಂದಿದೆ. ಒಂದು ಪದ ರಫ್ತು ಮಾಡಿದ್ದೆ. ವಾಪಸು ಬಂತು, ಮುದ್ರೆ ಒಡೆಯದೆ.

ಪ್ಲಾಸ್ಟರ್ ಹಾಕುವಾಗ ಇವತ್ತು ಒಬ್ಬ ಹಿರಿಯರ ಮೋಟು ಹಿಡಿದು "ಸಾ" ಎಂದವನು ನುಂಗಿಕೊಂಡೆ. ಸುಮ್ಮನೆ ಅವರ ಮುಖ ನೋಡುತ್ತ ಒತ್ತಿದೆ. ಕಣ್ಣು ಸ್ವಲ್ಪ ಕಿರಿದಾಯಿತು, ಬಿಟ್ಟೆ. ಕೆಲಸ ನಿಧಾನವಾಗುತ್ತಿದೆ. ದಿನಕ್ಕೆ ಐದು ಅಚ್ಚು ತೆಗೆಯುತ್ತಿದ್ದವನು ಮೂರಕ್ಕೆ ಇಳಿದಿದ್ದೇನೆ. ಕೈ ಹೋಗಿದೆ. ವಾಪಸು ಹೋಗುವುದು ವಾಸಿ ಎನಿಸುತ್ತದೆ. ಹೋಗಿ ಮಾಡುವುದೇನು ಎಂದೂ ಎನಿಸುತ್ತದೆ.

ಏಪ್ರಿಲ್ 24, ಗುರುವಾರ

ಅಂಚೆಯವಳನ್ನು ನೋಡಲು ಹೋದೆ. ಅಳತೆಯ ಟೇಪು, ನಕ್ಷೆಯ ಹಾಳೆ, ಎಲ್ಲ ಒಯ್ದಿದ್ದೆ. ಮಂಡಿಯ ಮೇಲಿನ ಕಾಲಿಗೂ ಒಳ್ಳೆಯ ಕೀಲುಗಳಿವೆ. ಬೆಟ್ಟ ಆಗದಿದ್ದರೆ ಬೀದಿಗಳಾದರೂ ಆದಾವು. ನಾಲ್ಕಾರು ತಿಂಗಳು ಬೇಕು, ಇಲ್ಲಿಯೇ ಉಳಿದು ಮಾಡುತ್ತೇನೆ ಎಂದು ಮೊಟಕಪ್ಪನಿಗೆ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದ್ದೆ.

ಅವಳು ಕಿಟಕಿಯ ಪಕ್ಕ ಕೂತಿದ್ದಳು. ಮೊಟಕಪ್ಪ ಎಲ್ಲವನ್ನೂ ಹೇಳಿದ. ಅವಳು ಕೇಳಿ, ನಿಧಾನವಾಗಿ ಮಾತಾಡಿದಳು. ಅವನು ಒಂದಕ್ಷರ ಬಿಡದೆ, ಅವಳೇ ಆದವನ ಹಾಗೆ, ಕನ್ನಡದಲ್ಲಿ ಹೇಳಿದ.

"ಮೂರು ಸಲ ಹೇಳಿದೆ. ನೀವು ಕೇಳಲಿಲ್ಲ. ಅದು ನಿಮ್ಮದು. ಆಮೇಲೆ ಮನೆಗಳ ಬಾಗಿಲು ಕಂಡಿತು. ಎರಡು ವರ್ಷದಿಂದ ನೋಡಿರಲಿಲ್ಲ. ಅಲ್ಲೇ ಕೂತುಬಿಡಬಹುದಿತ್ತು, ಕೂರಲಿಲ್ಲ. ಅದು ನನ್ನದು. ನನ್ನ ಪಾಲನ್ನೂ ನೀವೇ ಹೊತ್ಕೊಂಡು ಓಡಾಡಬೇಡಿ. ಚೀಲ ಹೊರೋದು ನನ್ನ ಕಸುಬು."

"ಮುಂದೇನು ಮಾಡ್ತಾರಂತೆ?"

"ಗೊತ್ತಿಲ್ಲ ಅಂತಾರೆ ಸಾರ್. ಅಕ್ಕ ಇದ್ದಾರೆ, ಅಲ್ಲಿಗೆ ಹೋಗ್ತಾರಂತೆ. ಅಲ್ಲಿ ಬೆಟ್ಟ ಇಲ್ವಂತೆ. ಅದೊಂದು ನೋಡೋಕೆ ಚೆನ್ನಾಗಿರಲ್ಲ ಅಂತಾರೆ."

ನಾನು ಟೇಪು ಹೊರತೆಗೆದೆ. ಅವಳು ಅಂಗೈ ಅಡ್ಡ ಹಿಡಿದ‍ಳು. "ಸಾಕು" ಎಂದಳು. ಉಚ್ಚಾರ ನನಗಿಂತ ಸ್ಪಷ್ಟ.

ಟೇಪು ಸುತ್ತಿ ಜೇಬಿಗೆ ಹಾಕಿಕೊಂಡೆ. ಆಮೇಲೆ ಅವಳ ಪಕ್ಕದ ಸ್ಟೂಲಿನಲ್ಲಿ ಕೂತೆ. ಮೂವರೂ ಬೆಟ್ಟ ನೋಡಿದೆವು. ಯಾರೋ ಒಂದು ಚುಕ್ಕೆಯಷ್ಟು ಮನುಷ್ಯ ಹತ್ತುತ್ತಿದ್ದ. ಬದಲಿ ಆಳಿರಬೇಕು, ಈಗ ಬದಲಿಯಲ್ಲ.

ಎಂಥ ಕೈಲಾಗದವನು ನಾನು. ಒಬ್ಬ ರೋಗಿಯನ್ನು ಒಪ್ಪಿಸಲು ಒಂದು ಮಾತೂ ಹೊಳೆಯಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಅಳತೆ ತೆಗೆಯದೆ ವಾಪಸು ಬಂದದ್ದು ಇದೇ ಮೊದಲು.

ಏಪ್ರಿಲ್ 27, ಭಾನುವಾರ

ಮನಸ್ಸು ತಡೆಯದೆ ತಮ್ಮನಿಗೆ ಫೋನು ಮಾಡಿದೆ. ಅಂಚೆಯವಳದ್ದೆಲ್ಲ ಹೇಳಿದೆ, ಯಾವುದನ್ನೂ ಬಿಡಲಿಲ್ಲ. ಅವನು ಮಷೀನು ನಿಲ್ಲಿಸಿದ್ದ. ಮುಗಿದ ಮೇಲೆ ನನ್ನಲ್ಲಿ ಹೇಳಲು ಏನೂ ಉಳಿದಿರಲಿಲ್ಲ. ಫೋನು ಇಡಲೂ ಆಗಲಿಲ್ಲ. ಏನಾದರೂ ಕೇಳಬೇಕಲ್ಲ ಎಂದು "ಇವತ್ತು ಏನು ಹೊಲಿದೆ?" ಎಂದೆ.

ಶಾಲೆಯ ಸಮವಸ್ತ್ರವಂತೆ, ಅರವತ್ತು ಚಡ್ಡಿ. ಒಂದೇ ಅಳತೆಗೆ ಕತ್ತರಿಸಿ ಎಂದು ಹೆಡ್‌ಮಾಸ್ಟರು ಹೇಳಿದರಂತೆ. ಇವನು ಸೊಂಟಕ್ಕೆ ಒಂದಂಗುಲ ಬಟ್ಟೆ ಒಳಗೆ ಮಡಚಿ ಬಿಟ್ಟಿದ್ದಾನಂತೆ, ಮಕ್ಕಳು ಬೆಳೆದಾಗ ಬಿಚ್ಚಿ ಅಗಲ ಮಾಡಲು. ಬಿಳಿ ದಾರದ ರೀಲು, ಮೋಟಾರಿನ ಬೆಲ್ಟು, ಗುಂಡಿ ಕಾಜ, ಎಲ್ಲ ಹೇಳಿದ. ಅರ್ಧ ಗಂಟೆ ಕೇಳಿದೆ. ಅವನಿಗೆ ಇಷ್ಟು ಮಾತು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಇಡುವಾಗ ಅವನು ತಡೆದ.

"ಅಣ್ಣ, ಪ್ರತಿ ಭಾನುವಾರ ಮೊದಲು ಕೇಳೋದನ್ನೇ ಇವತ್ತು ಮರೆತೆ ನೀನು."

"ಏನೋ?"

"ಏನಿಲ್ಲ ಬಿಡು. ಊಟ ಮಾಡು" ಎಂದ. ಮೂಗು ಸೇದಿದ ಸದ್ದು ಕೇಳಿಸಿತು. ಅವನಿಗೆ ನೆಗಡಿ ಬೇಗ ಹಿಡಿಯುತ್ತದೆ.

ಏನು ಮರೆತೆ ಎಂದು ಕೂತು ಯೋಚಿಸಿದೆ. ಅವನ ಹೆಂಡತಿಯ ಆರೋಗ್ಯ ಕೇಳಿದೆ. ಸಕ್ಕರೆ ಕೇಳಿದೆ. ಚಡ್ಡಿ ಕೇಳಿದೆ. ಬೇರೇನೂ ನೆನಪಾಗಲಿಲ್ಲ. ಕೈ ಹೋಯಿತು, ಈಗ ತಲೆಯೂ ಹೊರಟಿದೆ.